ಪೆಟ್ಟಿಗೆಯಲ್ಲಿ ಬಂದ ಸಿಡಿಲುಗಲ್ಲು

ಪಾಪಿರೆಡ್ಡಿಪಟ್ಟಿ ಪಕ್ಕ, ನಮ್ಮೂರ ಶಾಲೆಯ ಅಡುಗೆಮನೆಯಿಂದ
12-9-1996, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಮುನಿರಾಜನಿಗೆ,

ನಿನ್ನ ಅಕ್ಕ ಮುನಿವೆಂಕಟಮ್ಮನ ಆಶೀರ್ವಾದ. ನೀನು, ವಾಣಿ, ಮಕ್ಕಳು ಎಲ್ಲರೂ ಸೌಖ್ಯ ತಾನೇ? ನಿನ್ನ ಮಂಡಿನೋವು ಹೇಗಿದೆ? ಬೆಳಗಿನಿಂದ ಸಂಜೆವರೆಗೆ ಮ್ಯೂಸಿಯಂ ಹಾಲಿನಲ್ಲಿ ನಿಂತೇ ಇರುವ ಕೆಲಸ, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೋ ಅಂದಿದ್ದೆ, ತಿಕ್ಕಿಕೊಂಡಿರುವುದಿಲ್ಲ ಬಿಡು, ನನಗೆ ಗೊತ್ತು. ವಾಣಿಯ ಕೆಮ್ಮು ನಿಂತಿತಾ? ಆಡುಸೋಗೆ ಸೊಪ್ಪು ಒಣಗಿಸಿ ಇಟ್ಟಿದ್ದೇನೆ, ಯಾರಾದರೂ ಸೇಲಂ ಕಡೆ ಬಂದರೆ ಕಳಿಸುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ರೋಜಾಳ ಮಗಳು, ನನ್ನ ಮೊಮ್ಮಗಳಿಗೆ ನಾಲ್ಕು ತುಂಬಿತು, ಮನೆಯಲ್ಲಿ ಬರೀ ತಮಿಳು ಮಾತಾಡುತ್ತಾಳೆ, ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಹೊಲದಲ್ಲಿ ರಾಗಿ ಮೊಣಕಾಲುದ್ದ ಬಂದಿದೆ.

ಇನ್‌ಲ್ಯಾಂಡಿನಲ್ಲಿ ನಾಲ್ಕು ಸಾಲು ಗೀಚಿ ಮುಗಿಸುವ ಅಕ್ಕ ಇವತ್ತು ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದಾಳೆ ಅಂದರೆ ಸುಮ್ಮನೆ ಅಲ್ಲ ಅಂತ ನಿನಗೆ ಆಗಲೇ ತಿಳಿದಿರಬೇಕು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನ್ನ ಮನೆಯಲ್ಲಿ ನಿನ್ನ ಬಿಟ್ಟರೆ ಇದನ್ನು ಓದುವವರಿಲ್ಲ. ಹೆಂಡತಿ ಮಕ್ಕಳ ಮುಂದೆ ನಿನ್ನ ಮಾನ ಹೋಗಬಾರದು ಅನ್ನುವ ಬುದ್ಧಿ ನನಗೆ ಇನ್ನೂ ಇದೆ, ನೋಡಿದೆಯಾ? ಕನ್ನಡ ಶಾಲೆ ಇದ್ದ ತಳಿ ಊರ ಕಡೆಯ ಅಜ್ಜಿ ಮನೆಯಲ್ಲಿ ಐದನೇ ಕ್ಲಾಸಿನವರೆಗೆ ನಾನು ಕಲಿತು ಬಂದ ಅಕ್ಷರ ಇದು. ತಮಿಳು ಶಾಲೆಗೆ ಹೋಗುತ್ತಿದ್ದ ನಿನಗೆ ಒಲೆಯ ಬೂದಿ ಹರಡಿ, ಬೆರಳು ಹಿಡಿದು ತಿದ್ದಿಸಿದವಳು ನಾನು. ಆ ಅಕ್ಷರದಲ್ಲೇ ನಿನ್ನನ್ನು ಕೇಳಬೇಕಾಗಿ ಬಂತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಸೋಮವಾರ ನಿಮ್ಮ ಮ್ಯೂಸಿಯಂ ಜೀಪು ಬಂತು. ಊರೂರಿನ ಶಾಲೆಗೆ ಒಂದೊಂದು ವಾರ ಪೆಟ್ಟಿಗೆ ಕಳಿಸುತ್ತಾರೆ, ಮಕ್ಕಳು ಗಾಜಿನಾಚೆ ನಿಂತು ನೋಡಿದರೆ ಸಾಲದು, ಕೈಯಲ್ಲಿ ಹಿಡಿದು ಕಲಿಯಬೇಕು ಅಂತ ಹೋದ ವರ್ಷ ನೀನೇ ಹೇಳಿದ್ದೆ. ನಮ್ಮ ಸರದಿಯೂ ಬಂತು ಅಂತ ನಾನು ಎಷ್ಟು ಹಿಗ್ಗಿದೆ ಗೊತ್ತಾ? ತಮ್ಮನ ಮ್ಯೂಸಿಯಂ, ತಮ್ಮನ ಮ್ಯೂಸಿಯಂ ಅಂತ ಬೆಳಗಿನಿಂದ ಎಲ್ಲರ ತಲೆ ತಿಂದಿದ್ದೆ. ಪೆಟ್ಟಿಗೆಯ ಜೊತೆ ಹರಿಪ್ರಿಯಾ ಅನ್ನುವ ಹುಡುಗಿ ಬಂದಿದ್ದಳು. ಸೇಲಂನ ಕನ್ನಡದವರ ಮನೆಯ ಮಗಳಂತೆ, ಮಕ್ಕಳಿಗೆ ಪಾಠ ಹೇಳುವುದೇ ಅವಳ ಕೆಲಸ. ಈ ವಾರವಿಡೀ ಹೆಡ್‌ಮಿಸ್ ಶಾಂತಾ ಟೀಚರ್ ಮನೆಯಲ್ಲೇ ಉಳಿದಿದ್ದಾಳೆ. ಬೇವಿನ ಮರದಡಿ ಜಮಖಾನ ಹಾಸಿ, ಕಬ್ಬಿಣದ ಪೆಟ್ಟಿಗೆ ತೆಗೆದು, ಒಂದೊಂದೇ ವಸ್ತುವನ್ನು ಮಕ್ಕಳ ಕೈಗೆ ಕೊಟ್ಟಳು. ಹಳೇ ಮಡಕೆ ಚೂರು, ಕೆಂಪು ಮಣಿ, ಸವೆದ ಕಾಸು, ಎರಡು ಓಲೆಗರಿ. ಒಂದೊಂದಕ್ಕೂ ಸ್ಪಂಜಿನಲ್ಲಿ ಅದರದೇ ಆಕಾರದ ಗುಳಿ, ಗುಳಿಯ ಪಕ್ಕ ಒಂದು ಕಾರ್ಡು. ಎಷ್ಟು ಚೆಂದ ಹೇಳುತ್ತಾಳೆ ಆ ಹುಡುಗಿ! ಸಾಂಬಾರಿಗೆ ಉಪ್ಪು ಹಾಕುವುದನ್ನೂ ಮರೆತು ನಾನು ಸೌಟು ಹಿಡಿದುಕೊಂಡು ಮಕ್ಕಳ ಹಿಂದೆ ನಿಂತಿದ್ದೆ.

ಆಮೇಲೆ ಅವಳು ಒಂದು ಕರಿಕಲ್ಲು ತೆಗೆದಳು. ಅಂಗೈಯಗಲ, ನುಣ್ಣಗೆ, ಒಂದು ತುದಿ ಕೊಡಲಿಯ ಬಾಯಿ, ನಡುವೆ ಅಡ್ಡಕ್ಕೆ ಬಿಳೀ ಗೆರೆ. ಸೌಟು ಕೆಳಗಿಟ್ಟೆ. ಕೊಡಮ್ಮ ಇಲ್ಲಿ ಅಂತ ಈಸಿಕೊಂಡೆ. ಬಾಯಿಯ ಎಡಕ್ಕೆ ಹೆಬ್ಬೆರಳು ಕೂರುವಷ್ಟು ಚಕ್ಕೆ ಎದ್ದಿದೆ. ಐದು ವರ್ಷದವನಾಗಿದ್ದಾಗ ನೀನು ಅದನ್ನು ಬೀಸುವಕಲ್ಲಿನ ಮೇಲೆ ಎತ್ತಿಹಾಕಿ ಎಬ್ಬಿಸಿದ ಚಕ್ಕೆ ಅದು. ಅವತ್ತು ಅವ್ವ ನಿನ್ನನ್ನು ಹೊಡೆಯಬಾರದು ಅಂತ ನಾನೇ ಬೀಳಿಸಿದೆ ಅಂದೆ, ಏಟು ನನಗೇ ಬಿತ್ತು. ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಅಲ್ಲಿ ಕೂತಿತು ಕಣೋ.

ಆ ಕಲ್ಲು ಏನು ಅಂತ ನಿನಗೆ ಹೇಳಬೇಕಾ? ಹೇಳುತ್ತೇನೆ, ಮರೆತಂತಿದೆ. ಸಿಡಿಲು ಬಿದ್ದ ಜಾಗದಲ್ಲಿ ಸಿಕ್ಕ ಕಲ್ಲು ಅಂತ ಅಜ್ಜಿ ಅವ್ವನಿಗೆ ಕೊಟ್ಟಿದ್ದು. ನಮ್ಮವ್ವ ಮಾದಮ್ಮ ಮೂವತ್ತು ವರ್ಷ ಈ ಸುತ್ತಿನಲ್ಲಿ ಹೆರಿಗೆ ಮಾಡಿಸಿದವಳು. ಯಾರ ಮನೆಗೆ ಹೋದರೂ ಮೊದಲು ಕಲ್ಲನ್ನು ತಂಬಿಗೆ ನೀರಿನಲ್ಲಿ ಅದ್ದಿ, ಆ ನೀರನ್ನು ಬಸುರಿಯ ಹೊಟ್ಟೆಗೆ ಸವರಿ, ಕಲ್ಲನ್ನು ಚಾಪೆಯ ಅಡಿಗೆ ಇಟ್ಟೇ ಸೆರಗು ಕಟ್ಟುತ್ತಿದ್ದಳು. ನೀನು ಹುಟ್ಟಿದ್ದು ಅದರ ಮೇಲೆ, ನಾನೂ, ರೋಜಾಳೂ. ಸಾಯುವ ಮುಂಚೆ ಅವಳು ಕೇಳಿದ್ದು ಒಂದೇ ಒಂದು. ನಿನ್ನನ್ನೂ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ನನ್ ಕಲ್ಲ ನನ್ ಕೈಗಿಟ್ಟು ಮಣ್ ಮಾಡ್ರಲಾ, ಬ್ಯಾರೆ ಏನೂ ಬ್ಯಾಡ" ಅಂದಳು. ನಮ್ಮಲ್ಲಿ ಹೆಂಗಸರು ಸ್ಮಶಾನದ ದಾರಿಯ ಹುಣಸೆಮರದಿಂದ ಆಚೆ ಹೋಗುವ ಪದ್ಧತಿ ಇಲ್ಲ. ಅದಕ್ಕೇ ಮರದ ಹತ್ತಿರ ನಿಂತು ಕಲ್ಲನ್ನು ನಿನ್ನ ಟವೆಲ್ಲಿನಲ್ಲಿ ಕಟ್ಟಿ ಕೊಟ್ಟೆ. ನೀನು ಮಣ್ಣು ಮಾಡಿ ಬಂದು, ತಲೆ ಮೇಲೆ ನೀರು ಸುರಿದುಕೊಳ್ಳುತ್ತಾ, "ಬಲಗೈಲಿ ಇಟ್ಟೆ ಕಣಕ್ಕ, ಬೆರಳು ಮಡಚಿ ಇಟ್ಟೆ" ಅಂದೆ. ಬೆರಳು ಮಡಚಿ ಅಂತ ಬೇರೆ ಸೇರಿಸಿದೆಯಲ್ಲೋ, ಅದು ಯಾಕೆ ಬೇಕಾಗಿತ್ತು?

ಸೋದರಮಾವ ಚಿಕ್ಕಮುನಿಯಪ್ಪ ಗುಂಡಿಯ ಹತ್ತಿರವೇ ಇದ್ದ. ತಿಥಿಯ ದಿನ ನನ್ನ ಹತ್ತಿರ ಬಂದು, ಅವನು ಕಲ್ಲು ಇಟ್ಟಿದ್ದನ್ನು ನಾನು ಕಾಣಲಿಲ್ಲ ಮಗಳೇ ಅಂತ ಮೆಲ್ಲಗೆ ಹೇಳಿದ. ನಾನು ಏನು ಮಾಡಿದೆ? ನನ್ನ ತಮ್ಮನನ್ನು ಕಳ್ಳ ಅನ್ನುವವರು ನನ್ನ ಹೊಸಲು ತುಳಿಯಬೇಡಿ ಅಂದೆ. ಅಂಥ ಮನುಷ್ಯ, ನಮ್ಮಪ್ಪ ಸತ್ತ ಮೇಲೆ ನಮಗೆ ಎರಡು ವರ್ಷ ರಾಗಿ ಹೊತ್ತು ಹಾಕಿದವನು, ಏಳು ವರ್ಷ ನನ್ನ ಮನೆ ಮುಂದೆ ತಲೆ ತಗ್ಗಿಸಿಕೊಂಡು ಹೋದ. ಸತ್ತಾಗಲೂ ನಾನು ಮುಖ ನೋಡಲು ಹೋಗಲಿಲ್ಲ. ನೀನು ಹೋದೆ. ಹೂವಿನ ಹಾರ ಹಾಕಿದೆ ಅಂತ ಬಂದು ಹೇಳಿದೆ.

ಕಾರ್ಡು ತೋರಿಸಮ್ಮ ಅಂದೆ. ಹರಿಪ್ರಿಯಾ ಓದಿ ಹೇಳಿದಳು. ಹೊಸ ಶಿಲಾಯುಗದ ಕಲ್ಲುಕೊಡಲಿಯಂತೆ, ನಾಲ್ಕು ಸಾವಿರ ವರ್ಷದ್ದಂತೆ, ಕಬ್ಬಿಣ ಇಲ್ಲದ ಕಾಲದಲ್ಲಿ ಯಾರೋ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಮಾಡಿದ್ದಂತೆ. ಹೊಲ ಉಳುವಾಗ ಸಿಕ್ಕಿತು, ಕೊಟ್ಟವರು ಮಾ. ಮುನಿರಾಜ್. ಉಳುವಾಗ! ನೀನು ನೇಗಿಲು ಹಿಡಿದದ್ದನ್ನು ಕಂಡವರು ಈ ಭೂಮಿ ಮೇಲೆ ಯಾರಿದ್ದಾರೆ? ತಾರೀಕನ್ನೂ ಓದಿಸಿದೆ. ಅವ್ವ ಹೋದ ಮೂರನೇ ತಿಂಗಳು. ಅಲ್ಲಿಯವರೆಗೆ ದಿನಗೂಲಿ ಕಾವಲುಗಾರನಾಗಿದ್ದ ನಿನಗೆ ಅದೇ ವರ್ಷ ಪರ್ಮನೆಂಟ್ ಆಯಿತು. ಮೈಸೂರು ಪಾಕ್ ತಂದು ಅಕ್ಕಾ, ಎಲ್ಲ ಅವ್ವನ ಆಶೀರ್ವಾದ ಅಂತ ನನ್ನ ಬಾಯಿಗೆ ಹಾಕಿದೆ. ನಾನು ಸೆರಗಲ್ಲಿ ಕಣ್ಣೊರೆಸಿಕೊಂಡು ತಿಂದೆ. ಆ ಹುಡುಗಿಯ ಮುಂದೆ ಅದೆಲ್ಲ ಒಂದೊಂದಾಗಿ ನೆನಪಾಯಿತು. ಎರಡು ಸಲ ನಾನು ಸೇಲಂಗೆ ಬಂದಾಗ ನೀನು ಮ್ಯೂಸಿಯಂ ಪೂರ್ತಿ ತಿರುಗಿಸಿದೆ, ಒಂದು ಕೋಣೆ ಮಾತ್ರ ಬೀಗ. ಪೇಂಟ್ ಹೊಡೀತಾ ಔರೆ ಅಕ್ಕ ಅಂದೆ. ಎರಡು ವರ್ಷದ ಅಂತರದಲ್ಲಿ ಎರಡು ಸಲವೂ ಅದೇ ಪೇಂಟು. ನಾನು ಎಂಥ ದಡ್ಡಿ! ಸರ್ಕಾರದ ಕೆಲಸ, ನಿಧಾನ ಅಂದುಕೊಂಡೆ.

ರೋಜಾಳ ಹೆರಿಗೆ ನೆನಪಿದೆಯಾ? ಧರ್ಮಪುರಿ ಆಸ್ಪತ್ರೆಯಲ್ಲಿ ಎರಡು ದಿನ ಒದ್ದಾಡಿದಳು. ವರಾಂಡದಲ್ಲಿ ಕೂತು ನಾನು, ಅವ್ವನ ಕಲ್ಲಾದರೂ ಇದ್ದಿದ್ದರೆ ಒಂದು ಚೂರು ಧೈರ್ಯ ಇರುತ್ತಿತ್ತು ಅಂತ ಅತ್ತೆ. ಮಗುವನ್ನು ಉಳಿಸಿದ್ದು ಡಾಕ್ಟರಮ್ಮ, ಕಲ್ಲಲ್ಲ, ಅಷ್ಟು ತಿಳಿವಳಿಕೆ ನನಗೂ ಇದೆ. ಆದರೆ ನೀನು ಪಕ್ಕದಲ್ಲೇ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಕಲ್ಲು ಎಲ್ಲಿದೆ ಅಂತ ನಿನಗೆ ಗೊತ್ತಿತ್ತು. ನಾನು ಅಷ್ಟು ಅಳುವಾಗಲೂ ನೀನು ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಸೋಮವಾರ ನಾನು ಏನು ಮಾಡಿದೆ ಕೇಳು. ನಿನ್ನನ್ನು ಉಳಿಸಿದೆ. ಇದು ನಮ್ಮವ್ವನ ಕಲ್ಲು ತಾಯಿ, ನಾನೂ ತಮ್ಮನೂ ಮಾತಾಡಿಕೊಂಡೇ ಕೊಟ್ಟೆವು ಅಂತ ಹರಿಪ್ರಿಯಾಗೆ ಹೇಳಿದೆ. ಅವ್ವ ಅದನ್ನು ಏನು ಮಾಡುತ್ತಿದ್ದಳು ಅಂತ ಮಕ್ಕಳಿಗೂ ಹೇಳಿದೆ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿದರು, ಒಂದು ಹುಡುಗಿ ಕೆನ್ನೆಗೆ ಒತ್ತಿಕೊಂಡು ತಣ್ಣಗಿದೆ ಆಯಾ ಅಂದಳು. ನನ್ನ ಸಿಟ್ಟು ಅರ್ಧ ಇಳಿದೇ ಹೋಯಿತು. ಮಣ್ಣಿನಲ್ಲಿ ಇರುವುದಕ್ಕಿಂತ ಮಕ್ಕಳ ಕೈಯಲ್ಲಿ ಇರಲಿ, ಅವ್ವ ಬೇಡ ಅನ್ನಲಾರಳು, ಕಾರ್ಡಿನಲ್ಲಿ ಅವಳ ಹೆಸರು ಒಂದು ಬಂದರೆ ಸಾಕು ಅನ್ನಿಸಿತು. ನೀನು ಅವತ್ತೇ ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೇನೋ. ಹರಿಪ್ರಿಯಾ ಅಂತೂ ಕುಣಿದಾಡಿಬಿಟ್ಟಳು. ಇಂಥ ವಿಷಯವೇ ಕಾರ್ಡಿನಲ್ಲಿ ಇರಬೇಕು, ಸೂಲಗಿತ್ತಿ ಮಾದಮ್ಮನವರು ಬಳಸಿದ್ದು ಅಂತ ಹಾಕಿಸುತ್ತೇನೆ, ಕೊಟ್ಟವರು ಹೌದು ಅಂದರೆ ಸಾಕು ಅಂದಳು. ಮಂಗಳವಾರ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಆಫೀಸಿಗೆ ಫೋನು ಮಾಡಿದಳು. ನಿನ್ನನ್ನೇ ಕರೆದು ಫೋನು ಕೊಟ್ಟರಂತೆ.

ಅವಳು ಬಂದವಳು ನನ್ನ ಮುಖ ನೋಡಲಿಲ್ಲ. ಬುಧವಾರ ಅನ್ನ ಬಡಿಸುವಾಗ ನಾನೇ ಒತ್ತಾಯ ಮಾಡಿ ಕೇಳಿದೆ. ಬೇಜಾರು ಮಾಡಿಕೊಳ್ಳಬೇಡಿ ಅಂತ ಶುರು ಮಾಡಿ, ನೀನು ಅಂದದ್ದನ್ನು ಹೇಳಿದಳು. "ಅಮ್ಮ ಸತ್ತಾಗಿನಿಂದ ಅಕ್ಕನಿಗೆ ತಲೆ ಸರಿಯಿಲ್ಲ, ಯಾವ ಕಲ್ಲು ಕಂಡರೂ ಅಮ್ಮನದು ಅನ್ನುತ್ತಾಳೆ. ಅದು ಹೊಲದಲ್ಲಿ ಸಿಕ್ಕಿದ್ದೇ."

ತಲೆ ಸರಿಯಿಲ್ಲ. ಇನ್ನೂರು ಮಕ್ಕಳಿಗೆ ದಿನಾ ಅಳತೆ ತಪ್ಪದೆ ಅಡುಗೆ ಮಾಡುವವಳಿಗೆ ತಲೆ ಸರಿಯಿಲ್ಲ. ಕದ್ದದ್ದನ್ನು ನಾನು ಒಂದೇ ದಿನದಲ್ಲಿ ನುಂಗಿಕೊಂಡಿದ್ದೆ ಕಣೋ ಮುನಿರಾಜ. ಹೌದು ಅನ್ನುವ ಒಂದು ಮಾತು ಹೇಳಿದ್ದರೆ ನಿನಗೆ ಏನು ಹೋಗುತ್ತಿತ್ತು? ನಾನು ನಿನ್ನ ಕಳ್ಳತನಕ್ಕೆ ಬಾಗಿಲು ಮುಚ್ಚಿ ಕೊಟ್ಟಿದ್ದೆ, ನೀನು ನನ್ನನ್ನೇ ಹೊರಗೆ ಹಾಕಿ ಅಗುಳಿ ಹಾಕಿಕೊಂಡೆ. ಸಾಲದ್ದಕ್ಕೆ ಕಾರ್ಡಿಗೆ ಬರಬೇಕಿದ್ದ ಅವ್ವನ ಹೆಸರನ್ನೂ ಇಲ್ಲ ಅನ್ನಿಸಿಬಿಟ್ಟೆ. ನಾನು ಆ ಹುಡುಗಿಗೆ, ಹೌದಮ್ಮ, ನನ್ನ ತಲೆ ಹಾಗೇನೇ, ತಮ್ಮ ಹೇಳಿದ್ದೇ ನಿಜ ಇರಬೇಕು ಅಂದೆ. ಅವಳು ನಂಬಲಿಲ್ಲ ಅಂತ ಅವಳ ಕಣ್ಣು ಹೇಳಿತು. ಪುಣ್ಯವಂತೆ, ಮತ್ತೆ ಕೇಳಲಿಲ್ಲ.

ಇನ್ನೇನು ಬರೆಯಲಿ. ಮಕ್ಕಳನ್ನು ಚೆನ್ನಾಗಿ ಓದಿಸು. ವಾಣಿಗೆ ನನ್ನ ಮೇಲೆ ಬೇಜಾರಿಲ್ಲದ ಹಾಗೆ ಏನಾದರೂ ಹೇಳು, ಹಬ್ಬಕ್ಕೆ ನಾನು ಬರುವುದಿಲ್ಲ. ನೀನೂ ಬರಬೇಡ. ನೂರು ಕಾಲ ಚೆನ್ನಾಗಿ ಬಾಳು ಅಂತ ಹರಸುತ್ತೇನೆ, ಹರಸದೆ ಇರಲು ನನಗೆ ಬರುವುದಿಲ್ಲ.

ಇಂತಿ, ನಿನಗೆ ಅಕ್ಷರ ತಿದ್ದಿಸಿದ ಅಕ್ಕ,
ಮುನಿವೆಂಕಟಮ್ಮ

ತಾ.ಕ.: ಶುಕ್ರವಾರ ಬೆಳಗ್ಗೆ. ಬೇಗ ಬರೆಯುತ್ತಿದ್ದೇನೆ, ಪೆಟ್ಟಿಗೆ ಒಯ್ಯಲು ಜೀಪು ಗೇಟಿನಲ್ಲಿ ನಿಂತಿದೆ. ನಿನ್ನೆ ಸಂಜೆ ಹೆಡ್‌ಮಿಸ್ ರೂಮು ಗುಡಿಸಲು ಹೋದಾಗ, ಅಲ್ಲಿಟ್ಟಿದ್ದ ಪೆಟ್ಟಿಗೆಯಿಂದ ಕಲ್ಲು ತೆಗೆದುಕೊಂಡೆ. ಶಾಂತಾ ಟೀಚರ್ ಮೇಲೂ ಆ ಹುಡುಗಿಯ ಮೇಲೂ ತಪ್ಪು ಬರಬಾರದು ಅಂತ, ತೆಗೆದವಳು ನಾನು, ಅದು ಎಲ್ಲಿದೆ ಅಂತ ನನ್ನ ತಮ್ಮ ಮುನಿರಾಜನನ್ನು ಕೇಳಿ ಎಂದು ನನ್ನ ವಕ್ರ ತಮಿಳಿನಲ್ಲಿ ಚೀಟಿ ಬರೆದು ಆ ಗುಳಿಯಲ್ಲಿ ಇಟ್ಟಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ. ಹುಣಸೆಮರ ದಾಟಿ ನಾನೇ ಹೋದೆ. ಅವತ್ತು ಗುಂಡಿ ತೋಡಿದ್ದ ದಾಸಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವ್ವನ ತಲೆ ಯಾವ ಕಡೆ, ಬಲಗೈ ಯಾವ ಕಡೆ ಅಂತ ಅವನು ತೋರಿಸಿದ, ಅಗೆದವಳು ನಾನು. ನಿಮ್ಮ ಸಾಹೇಬರು ಕರೆದು ಕೇಳಿದರೆ ಹೆದರಬೇಡ. ಮಣ್ಣು ಮಾಡಿ ಬಂದ ದಿನ ನನಗೆ ಏನು ಹೇಳಿದೆಯೋ ಅದನ್ನೇ ಹೇಳು. ನಿನ್ನೆಯಿಂದ ಅದು ನಿಜ.