ವಾರ್ನಿಷ್ ಮೇಲೆ ಹೊರಿಸಿದ ತಪ್ಪು

ಮನೆಯಿಂದ,
ಗುರುವಾರ, ಮಾರ್ಚ್ ೧೪

ಪ್ರೀತಿಯ ಚೂಟೀ,

ಹೇಗಿದ್ದೀಯಾ ಮಗಳೇ? ಎಂಜಿನ್ನಿನ ಸದ್ದಿಗೆ ಕಿವಿ ಗುಂಯ್ ಅನ್ನುತ್ತೆ ಅಂತ ಬರೆದಿದ್ದೆಯಲ್ಲ, ಈಗ ವಾಸಿಯೇ? ರೈಲು ಓಡಿಸುವ ತರಬೇತಿ ಅಂತ ಊಟ ತಪ್ಪಿಸಬೇಡ, ಎಂಜಿನ್ನಿಗೂ ಹೊಟ್ಟೆ ತುಂಬಿಸಿಯೇ ಓಡಿಸುತ್ತಾರೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಐದು ದಿನದಿಂದ ನನ್ನ ಮೇಲೆ ಮುನಿಸು, ಆದರೆ ಮುನಿಸಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ, ಅದಕ್ಕೇನೂ ಕೊರತೆಯಿಲ್ಲ.

ಮುನಿಸಿಗೆ ಕಾರಣ ಹೇಳುತ್ತೇನೆ, ಗಾಬರಿಯಾಗಬೇಡ. ನನಗೆ ಮೂತ್ರದಲ್ಲಿ ಒಂದೆರಡು ಸಲ ರಕ್ತ ಕಂಡಿತು. ಎಡ ಮೂತ್ರಪಿಂಡದಲ್ಲಿ ಗಂಟಿನ ಹಾಗೆ ಏನೋ ಇದೆ, ಸಿ.ಟಿ. ಸ್ಕ್ಯಾನ್ ಮಾಡಿಸಿ ಅಂದರು ಡಾಕ್ಟರು. ಕಾಂಟ್ರಾಸ್ಟ್ ಅನ್ನುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿದರೆ ಗಂಟಿನ ಅಂಚು ಎದ್ದು ಕಾಣುತ್ತದಂತೆ. ಆ ಹೆಸರು ನನಗೆ ಹೊಸದಲ್ಲ. ಏಳು ವರ್ಷದ ಹಿಂದೆ ಬೇರೆ ಊರಿಗೆ ಕಿಟಕಿ ಕೂರಿಸುವ ಕೆಲಸಕ್ಕೆ ಹೋಗಿದ್ದೆನಲ್ಲ, ಆಗ ಹೊಟ್ಟೆನೋವು ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಅಂಥದ್ದೇ ಔಷಧಿ ಚುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ತುಟಿ ಊದಿತು, ಗಂಟಲು ಬಿಗಿದುಕೊಂಡಿತು. ಅವರು ಓಡಿಬಂದು ಬೇರೆ ಇಂಜೆಕ್ಷನ್ ಕೊಟ್ಟು ಉಳಿಸಿದರು. ನಿನ್ನಮ್ಮ ಹೆದರುತ್ತಾಳೆಂದು ಮನೆಗೆ ಬಂದವನೇ, ವಾರ್ನಿಷ್ ಮೈಗೆ ಆಗಿಬರಲಿಲ್ಲ ಅಂದುಬಿಟ್ಟೆ. ಪಾಪ, ಅವತ್ತಿನಿಂದ ನನಗೆ ಬ್ರಶ್ ಮುಟ್ಟಲು ಬಿಡಲಿಲ್ಲ. ನಾನು ಮಾಡಿದ ಒಂದೊಂದು ಮೇಜು, ಮಂಚಕ್ಕೂ ವಾರ್ನಿಷ್ ಹೊಡೆದವಳು ಅವಳೇ.

ಸ್ಕ್ಯಾನಿನ ದಿನ ಟೆಕ್ನಿಷಿಯನ್ ಹುಡುಗಿ ಫಾರಂ ಹಿಡಿದು ಕೂತಳು. ನಿನಗಿಂತ ಎರಡು ವರ್ಷ ದೊಡ್ಡವಳಿರಬಹುದು, ಪೆನ್ನನ್ನು ಥೇಟ್ ಬಡಗಿಯ ಹಾಗೆ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದಳು. ಸಕ್ಕರೆ ಕಾಯಿಲೆ ಇದೆಯಾ, ಉಬ್ಬಸ ಇದೆಯಾ, ಹಿಂದೆ ಈ ಔಷಧಿ ಚುಚ್ಚಿಸಿಕೊಂಡಿದ್ದೀರಾ ಅಂತ ಒಂದೊಂದಾಗಿ ಕೇಳಿದಳು. ಎಲ್ಲಕ್ಕೂ ‘ಇಲ್ಲ ಕಣಮ್ಮ’ ಅಂದೆ. ನಿಜ ಹೇಳಿದರೆ ಸ್ಕ್ಯಾನ್ ಮಾಡದೆ ವಾಪಸ್ ಕಳಿಸುತ್ತಾರೆ, ಗಂಟು ಏನೆಂದು ಗೊತ್ತೇ ಆಗುವುದಿಲ್ಲ ಅನ್ನುವ ಭಯ. ಆದದ್ದಾಗಲಿ ಅಂತ ಹಲ್ಲು ಕಚ್ಚಿದೆ. ಮುಂಗೈಗೆ ಸೂಜಿ ಕೂರಿಸಿ ಮಲಗಿಸಿದರು. ಅಷ್ಟರಲ್ಲಿ ಬಾಗಿಲಿಂದ ನಿನ್ನಮ್ಮನ ದನಿ: ‘ಇವರಿಗೆ ವಾರ್ನಿಷ್ ಒಂದು ಆಗಲ್ಲ ಕಣಮ್ಮ, ಅದನ್ನೂ ಬರ್ಕೋ. ಏಳು ವರ್ಷದ ಹಿಂದೆ ಮೈಯೆಲ್ಲ ದದ್ದೆದ್ದಿತ್ತು.’

ಆ ಹುಡುಗಿ ಬರೆದುಕೊಂಡು ಸುಮ್ಮನಾಗಬಹುದಿತ್ತು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಆದರೆ ಬಂದು ನನ್ನ ಪಕ್ಕ ನಿಂತಳು. ‘ಅದಕ್ಕೆ ಮುಂಚೆ ಎಷ್ಟು ವರ್ಷ ವಾರ್ನಿಷ್ ಹೊಡೆದಿದ್ರಿ?’ ಮೂವತ್ತು ಅಂದೆ. ‘ಮೂವತ್ತು ವರ್ಷ ಸುಮ್ಮನಿದ್ದದ್ದು ಅವತ್ತೊಂದೇ ದಿನ ತಿರುಗಿಬಿತ್ತಾ? ಅವತ್ತು ಇನ್ನೇನಾಯ್ತು, ಹೇಳಿ. ಹೇಳಿದ್ರೆ ವಾಪಸ್ ಕಳಿಸಿಬಿಡಲ್ಲ, ಬೇರೆ ದಾರಿ ಹುಡುಕ್ತೀವಿ.’ ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಅವಳು ಒಂದು ಮಾತೂ ಬೈಯಲಿಲ್ಲ, ಔಷಧಿಯ ಕೊಳವೆ ಕಳಚಿಟ್ಟು ಡಾಕ್ಟರನ್ನು ಕರೆದಳು. ಬೈದದ್ದು ನಿನ್ನಮ್ಮ. ‘ಸತ್ತೇಹೋಗಿದ್ರೆ ವಾರ್ನಿಷ್‌ಗೇ ಶಾಪ ಹಾಕ್ಕೊಂಡು ಕೂರ್ತಿದ್ನಲ್ರೀ’ ಅಂತ ಆಸ್ಪತ್ರೆಯ ಹಜಾರದಲ್ಲೇ ಅತ್ತಳು.

ಡಾಕ್ಟರು ಆ ಊರಿನ ಆಸ್ಪತ್ರೆಗೆ ಫೋನ್ ಮಾಡಿ, ಹಳೇ ಕಡತ ತೆಗೆಸಿ, ಅವತ್ತು ಚುಚ್ಚಿದ್ದು ಯಾವುದೆಂದು ಪತ್ತೆ ಮಾಡಿದರು. ಸ್ಕ್ಯಾನ್ ಎರಡು ದಿನ ಮುಂದೆ ಹೋಯಿತು. ಮೂತ್ರಪಿಂಡ ತಾಳುತ್ತದೆಯೇ ಅಂತ ಮತ್ತೆ ರಕ್ತ ಪರೀಕ್ಷೆ, ಹಿಂದಿನ ದಿನದಿಂದಲೇ ಅಲರ್ಜಿ ತಡೆಯುವ ಮಾತ್ರೆ, ಕಾಂಟ್ರಾಸ್ಟ್ ಕೂಡ ಬೇರೆ ಬಗೆಯದು. ‘ಆಗೋದೇ ಇಲ್ಲ ಅಂತ ಮಾತು ಕೊಡಕ್ಕಾಗಲ್ಲ, ಆದ್ರೆ ಈ ಸಲ ನಾವು ತಯಾರಾಗಿರ್ತೀವಿ’ ಅಂದರು ಡಾಕ್ಟರು. ಹಾಗೇ ನಿಂತರು ಕೂಡ, ತುರ್ತು ಔಷಧಿಯ ಟ್ರೇ ಇಟ್ಟುಕೊಂಡು. ಔಷಧಿ ಒಳಗೆ ಇಳಿದಾಗ ಮೈಯೆಲ್ಲ ಬೆಚ್ಚಗಾಗಿ, ಬಟ್ಟೆ ಒದ್ದೆ ಮಾಡಿಕೊಂಡೆನೇನೋ ಅನ್ನಿಸಿತು. ಅದು ಬರೀ ಅನ್ನಿಸುವುದು, ಬಹಳ ಜನಕ್ಕೆ ಹಾಗಾಗುತ್ತದೆ ಅಂತ ಹುಡುಗಿ ಮೊದಲೇ ಹೇಳಿದ್ದರಿಂದ ಮಾನ ಉಳಿಯಿತು! ದದ್ದಿಲ್ಲ, ಊತವಿಲ್ಲ. ಮುಗಿದ ಮೇಲೂ ಒಂದು ಗಂಟೆ ಕೂರಿಸಿಕೊಂಡು ನೋಡಿದರು. ನಿನ್ನಮ್ಮ ಮುನಿಸಿನಲ್ಲೇ ಅಷ್ಟು ಹೊತ್ತೂ ನನ್ನ ಮಣಿಕಟ್ಟು ಬಿಡಲಿಲ್ಲ.

ಗಂಟು ಚಿಕ್ಕದಂತೆ. ಬೇರೆಲ್ಲೂ ಹರಡಿಲ್ಲ, ಬಲಗಡೆಯದು ಗಟ್ಟಿಮುಟ್ಟಾಗಿದೆ. ಗಂಟಿನಷ್ಟನ್ನೇ ತೆಗೆದು ಉಳಿದದ್ದನ್ನು ಉಳಿಸಬಹುದು ಅಂದಾಗ ನನಗೆ ನಿಂತಲ್ಲೇ ಹಸಿವಾಯಿತು, ನಂಬುತ್ತೀಯಾ?

ನೀನು ಮುಟ್ಟಿದ ಎಂಜಿನ್ನು ನಿನ್ನ ಮಾತು ಕೇಳಲಿ, ಹೋದಲ್ಲೆಲ್ಲ ಹಸಿರು ದೀಪ ಸಿಗಲಿ. ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ
ಅಪ್ಪ

ಮರೆತೆ: ಅಮ್ಮ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆಪರೇಷನ್ ಇಪ್ಪತ್ತೆಂಟಕ್ಕೆ. ನಿನ್ನ ಪರೀಕ್ಷೆ ಮುಗಿಯುವುದು ಇಪ್ಪತ್ತಾರಕ್ಕಲ್ಲವೇ? ಎಲ್ಲ ಮುಗಿದ ಮೇಲೆ ತಿಳಿಸೋಣ ಅಂದುಕೊಂಡಿದ್ದೆ. ಆದರೆ ನನಗೆ ಹೆದರಿಕೆಯಾಗುತ್ತಿದೆ ಮಗಳೇ. ರಜೆ ಕೇಳಿಕೊಂಡು ಬಾ.