ಪುಸ್ತಕದೊಳಗಿನ ಬಲೆ ನೂಲು

ಹ್ವಾಯ್,

ನೀವು ತೀರಿಕೊಂಡು ವರ್ಷವಾಯಿತೆಂದು ನಿನ್ನೆ ನಿಮ್ಮ ಪುಸ್ತಕದ ಟ್ರಂಕು ತೆರೆದೆವು. ಕಾಗದದ ಪುಸ್ತಕ, ಮೊಬೈಲಿನೊಳಗಿನ ಪುಸ್ತಕ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಬೇಕೆಂದು ಮಗಳು ಪ್ರೇಕ್ಷಾಳದೇ ಹಟ. ಅವಳು ಪುಸ್ತಕಗಳ ಹೆಸರು ಬರೆದುಕೊಂಡಳು, ನಾನು ಧೂಳು ಕೊಡವಿ ಕೊಟ್ಟೆ. ಕೊಡವಿದಾಗಲೆಲ್ಲ ಒಂದೊಂದು ಪುಸ್ತಕದಿಂದ ಗೇಣುದ್ದದ ಬಲೆ ನೂಲು ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಬಲೆ ನೂಲು ಎಲ್ಲಿಲ್ಲ ಹೇಳಿ? ಹಾಸಿಗೆಯಲ್ಲೂ ಸಿಗುತ್ತದೆ, ಅನ್ನದಲ್ಲೂ ಸಿಗುತ್ತದೆ. ನಿಮ್ಮನ್ನು ಬೈದುಕೊಂಡೇ ಎಲ್ಲವನ್ನೂ ಗುಡಿಸಿ ಬಚ್ಚಲ ಒಲೆಗೆ ಹಾಕಿದೆ.

ಆಮೇಲೆ ಅವಳು, ನೀವು ಬೋಟಿನಲ್ಲಿ ಓದುತ್ತಿದ್ದ ಮೊಬೈಲು ತೆರೆದಳು.

"ಅಮ್ಮ, ಇಲ್ಕಾಣ್. ಅಪ್ಪಯ್ಯ ಎಲ್ಲಿವರೆಗೆ ಓದಿರ್ ಅಂದ್ ಇದ್ರಗೆ ತೋರ್ಸತ್ತ್. ಕಾಗ್ದದ್ ಪುಸ್ತಕಕ್ಕೆ ಎಂತ ಗುರ್ತ್ ಇಡ್ತಿದ್ರ್?"

ಬಚ್ಚಲಿನಿಂದ ನೈಲಾನು ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

ಕಡಲಿಗೆ ಹೋಗದ ದಿನ ನೀವು ಪುಸ್ತಕ ಹಿಡಿದು ಜಗಲಿಯಿಂದ ಕರೆಯುತ್ತಿದ್ದಿರಿ. "ಇಲ್ಲ್ ಕೂಕೋ ಕಾಂಬ, ನಿಲ್ಸಿದಲ್ಲಿಂದ ಓದಿ ಹೇಳ್ತೆ."

"ಮೀನ್ ಕೊಯ್ಯುಕಿತ್ತ್. ನಾಳಿಗ್ ಕಾಂಬ," ಅನ್ನುತ್ತಿದ್ದೆ. ಹದಿನೆಂಟು ವರ್ಷ ಅದೇ ಉತ್ತರ.

ಪಟ್ಟಿ ಮುಗಿದಿದೆ. ನೂರ ಹನ್ನೊಂದು ಪುಸ್ತಕಗಳು ಗೋಡೆಗೊರಗಿ ಸಾಲಾಗಿ ನಿಂತಿವೆ. ಇವತ್ತು ಮೀನು ತರಿಸಲಿಲ್ಲ. ಒಂದು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೇನೆ. ನೀವು ಎಲ್ಲಿ ನಿಲ್ಲಿಸಿದ್ದಿರೆಂದು ಗೊತ್ತಿಲ್ಲ.