ಗೇಟಿನ ಬಾವಿಗೆ ಇಳಿಯುವ ಮುನ್ನ

ಕಡಲಗೇಟು ಠಾಣೆ, ಅಘನಾಶಿನಿ ಅಳಿವೆ
ಫೆಬ್ರವರಿ ೩೦, ೨೨೯೪

ನೀಲಿ ಕೋಟಿನ ಮಹಾಶಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ, ಯಾಕೆಂದು ವಿವರಿಸುವ ವ್ಯವಧಾನ ನನಗಿಲ್ಲ. ನನ್ನ ಮಾತು ನಿಮಗೆ ಒರಟಾಗಿ ಕೇಳಿಸಿದರೆ ಅರ್ಧ ತಪ್ಪು ಕಾಲದ್ದು, ಅದಕ್ಕೆ ಕ್ಷಮೆ ಇರಲಿ. ಇನ್ನರ್ಧ ನಾನು ಬೇಕೆಂದೇ ಒರಟಾಗಿ ಬರೆದದ್ದು, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು ಬರೆಯಲು ಅವಕಾಶ. ಎಲ್ಲರೂ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ನನ್ನದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ನನಗೆ ಎಷ್ಟು ಸಿಟ್ಟು ಬಂದಿದೆ ಎಂದು ಇದರಿಂದಲೇ ತಿಳಿದುಕೊಳ್ಳಿ.

ನಾನು ಮಾದೇವಿ ಅಂಬಿಗ, ಈ ಠಾಣೆಯಲ್ಲಿ ಗೇಟು ನಡೆಸುವವರಿಗೆ ಕೆಲಸ ಕಲಿಸುವವಳು. ಹೋದ ತಿಂಗಳು ನಮ್ಮ ಮೇಲಿನವರು ನಿಮ್ಮ ಕಾಲದ ಒಂದು ವಿಡಿಯೋವನ್ನು ಎಲ್ಲಿಂದಲೋ ಹುಡುಕಿ ತಂದರು. ಪರಿಣಾಮಕಾರಿ ತರಬೇತುದಾರರಾಗುವುದು ಹೇಗೆ ಎಂಬುದು ಅದರ ಹೆಸರು. ನೋಡಿ ಕಲಿಯಿರಿ ಎಂದು ನಮ್ಮನ್ನೆಲ್ಲ ಕೂಡಿಸಿ ತೋರಿಸಿದರು. ಹೋಟೆಲಿನ ತಂಪು ಸಭಾಂಗಣ, ನೀಲಿ ಕೋಟು ತೊಟ್ಟು ಕಿವಿಗೆ ಮೈಕು ಸಿಕ್ಕಿಸಿಕೊಂಡ ನೀವು. ಗುಡ್ ಮಾರ್ನಿಂಗ್ ಅಂದಿರಿ. ಜನ ತಿರುಗಿ ಅಂದದ್ದು ನಿಮಗೆ ಸಾಲಲಿಲ್ಲ. ತಿಂಡಿ ತಿಂದಿಲ್ಲವಾ ಎಂದು ಕೇಳಿ ಇನ್ನೊಮ್ಮೆ ಕೂಗಿಸಿದಿರಿ. ತಲೆ ನರೆತ ಗಂಡಸರ ಕೈಲಿ ಬಲೂನು ಊದಿಸಿದಿರಿ. ಆಮೇಲೆ ಗೋಡೆಯ ಮೇಲೆ ದೊಡ್ಡ ಅಕ್ಷರ ಮೂಡಿಸಿ, ಓದು ಬರುವವರ ಮುಂದೆ ಅದನ್ನೇ ಗಟ್ಟಿಯಾಗಿ ಓದಿದಿರಿ. ಎರಡನೇ ಸಾಲಿನಲ್ಲಿ ಹಳದಿ ದುಪಟ್ಟಾದ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಸ್ವಲ್ಪ ತಡಕಾಡಿದಳು. ತಡಕಾಡುವವರು ಕಲಿಯುತ್ತಿರುತ್ತಾರೆ ಮಹಾಶಯರೇ. ನೀವು ಹೋಗಿ, ಕೊಡಿ ಮೇಡಂ ನಾನೇ ಮಾಡ್ತೀನಿ ಎಂದು ಅವಳ ಕೈಯಿಂದ ಮೌಸು ಕಿತ್ತುಕೊಂಡಿರಿ. ಅವಳು ಚಪ್ಪಾಳೆ ತಟ್ಟಿದಳು, ಪಾಪ. ಕೊನೆಗೆ ಎಲ್ಲರಿಂದ ನಕ್ಷತ್ರ ಬೇಡಿದಿರಿ, ಎಲ್ಲರೂ ಐದಕ್ಕೆ ಐದು ಕೊಟ್ಟರು. ಮಧ್ಯಾಹ್ನದ ಊಟ ಚೆನ್ನಾಗಿತ್ತು ಅಂತ ಕಾಣುತ್ತದೆ.

ನಮ್ಮ ಕೆಲಸ ಏನೆಂದು ನಿಮಗೆ ಗೊತ್ತಿರಲಿ. ಕುಮಟೆಯ ಅರ್ಧ ಪೇಟೆ ಈಗ ನೀರೊಳಗಿದೆ. ತರಕಾರಿ ಬರುವುದು ದೋಣಿಯಲ್ಲಿ, ಮಕ್ಕಳು ಶಾಲೆಗೆ ಹೋಗುವುದು ದೋಣಿಯಲ್ಲಿ, ಮದುವೆ ದಿಬ್ಬಣವೂ ದೋಣಿಯಲ್ಲೇ. ಉಳಿದಿರುವ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಕಗ್ಗದ ಭತ್ತ ಬೆಳೆಯುತ್ತೇವೆ. ಸ್ವಲ್ಪ ಉಪ್ಪು ತಡೆಯುವ ತಳಿ ಅದು, ಆದರೆ ಇಡೀ ಕಡಲನ್ನು ತಡೆಯುವುದಿಲ್ಲ. ಅದಕ್ಕೇ ಗೇಟು. ತಾನಾಗಿ ತೆರೆದು ಮುಚ್ಚುವ ಬುದ್ಧಿವಂತ ಗೇಟುಗಳೂ ಒಂದು ಕಾಲಕ್ಕೆ ಇದ್ದವಂತೆ, ಅವುಗಳ ಬುದ್ಧಿಯನ್ನು ಉಪ್ಪು ತಿಂದುಹಾಕಿತು. ಈಗ ಗೇಟು ನಡೆಸುವುದು ಮನುಷ್ಯರೇ. ಗೇಟಿನ ಎರಡು ಬಾಗಿಲುಗಳ ನಡುವೆ ಆಳವಾದ ಬಾವಿ. ಅದರ ತಳದಲ್ಲಿ ಕೆಸರು, ಚಿಪ್ಪು ಸೇರಿ ಬಾಗಿಲು ಪೂರ್ತಿ ಮುಚ್ಚದಂತಾದಾಗ ಒಬ್ಬರು ಇಳಿದು ಕೆರೆಯಬೇಕು. ಮೇಲೆ ನಿಂತವನು ನೀರೆತ್ತುವ ಪಂಪಿನ ಸದ್ದಿಗೆ ಕಿವಿ ಕೊಟ್ಟಿರಬೇಕು. ಸದ್ದು ಸಣ್ಣದಾದರೆ ಪಂಪಿಗೆ ಚಿಪ್ಪು ಸಿಕ್ಕಿದೆ ಅಂತ ಅರ್ಥ, ಎರಡನೇ ಪಂಪು ಹಾಕಬೇಕು. ಗಾಬರಿಯಾಗಿ ಬಾಗಿಲಿನ ಹಿಡಿಕೆಗೆ ಕೈ ಹಾಕಿದನೋ, ಕಡಲು ಒಳಗೆ ಬರುತ್ತದೆ, ಕೆಳಗಿದ್ದವರು ಮೇಲೆ ಬರುವುದಿಲ್ಲ.

ಇಂಥ ಕೆಲಸ ಕಲಿಸುವವರು ನಾವು. ಕಲಿಸುವಾಗ ನಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಬಟ್ಟೆಯಿಂದ ಕಟ್ಟುತ್ತಾರೆ. ನಡುವೆ ಕೈ ಹಾಕಬಾರದು, ಕಿತ್ತುಕೊಳ್ಳಬಾರದು, ನಿಮ್ಮ ಹಾಗೆ. ಕಲಿತವನು ಮೊದಲ ಸಲ ಒಬ್ಬನೇ ಗೇಟು ನಡೆಸುವ ದಿನಕ್ಕೆ ತಳದಿನ ಅನ್ನುತ್ತೇವೆ. ಅವತ್ತು ಬಾವಿಗೆ ಇಳಿಯುವವರು ಬೇರೆ ಯಾರೂ ಅಲ್ಲ, ಕಲಿಸಿದವರೇ. ನಿಮ್ಮ ವಿಡಿಯೋ ನೋಡಿದ ಮೇಲೆ ಮೇಲಿನವರಿಗೆ ತಲೆ ಕೆಟ್ಟಿದೆ. ತಳದಿನ ಅಪಾಯ, ಇನ್ನು ಮೇಲೆ ಕಲಿತವರಿಂದ ನಕ್ಷತ್ರ ಬರೆಸಿಕೊಂಡರೆ ಸಾಕು ಅನ್ನುತ್ತಿದ್ದಾರೆ. ನನಗೆ ಇವತ್ತಿನದನ್ನೇ ಬಿಡಬಹುದು ಅಂದರು. ನಾನು ಬಿಡಲಿಲ್ಲ. ಇವತ್ತು ನನ್ನ ತಳದಿನ, ಮೇಲೆ ನಿಲ್ಲುವವನು ಬೊಮ್ಮಯ್ಯ.

ಬೊಮ್ಮಯ್ಯ ದೋಣಿಯ ಎಂಜಿನು ರಿಪೇರಿ ಬಿಟ್ಟು ಬಂದ ಮೂವತ್ತರ ಮನುಷ್ಯ. ಬಲು ವಿನಯ. ತಿಂಗಳುಗಟ್ಟಲೆ ಒಂದು ತಪ್ಪೂ ಮಾಡಲಿಲ್ಲ. ಪಂಪಿನ ಸದ್ದು ಬದಲಾಗುವುದೇ ತಡ, ಕೈ ಸರಿಯಾದ ಗುಂಡಿಯ ಮೇಲೆ. ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಒಂದು ದಿನ ನನಗೆ ಹಲ್ಲುನೋವು. ಇಷ್ಟು ಶತಮಾನ ಕಳೆದರೂ ಅದಕ್ಕೆ ಮದ್ದು ಲವಂಗವೇ. ಕೆನ್ನೆ ಊದಿ, ಮುಖದ ತುಂಬ ಶಾಲು ಸುತ್ತಿಕೊಂಡು ಹೋಗಿ ನಿಂತೆ. ಬಾವಿಯೊಳಗೆ ಯಾರೂ ಇರಲಿಲ್ಲ, ಬರೀ ಅಭ್ಯಾಸ. ಪಂಪಿನ ಸದ್ದು ಸಣ್ಣದಾಯಿತು. ಬೊಮ್ಮಯ್ಯ ನನ್ನ ಕಡೆ ನೋಡಿದ, ಶಾಲು ಕಂಡಿತು, ಬೆವರಿದ, ಸೀದಾ ಬಾಗಿಲಿನ ಹಿಡಿಕೆ ಎಳೆದ. ಕಡಲು ಬಾವಿಗೆ ನುಗ್ಗಿದ ಸದ್ದು ನನ್ನ ಎದೆಯೊಳಗೆ ಇನ್ನೂ ಇದೆ. ಇಷ್ಟು ದಿನ ಅವನು ಪಂಪು ಕಲಿತಿರಲೇ ಇಲ್ಲ, ನನ್ನ ಎಡ ಹುಬ್ಬು ಕಲಿತಿದ್ದ. ಸದ್ದು ಬದಲಾದೊಡನೆ ಅದು ಮೇಲೇರುತ್ತದಂತೆ, ಅವನೇ ಹೇಳಿದ. ನಮ್ಮ ಹಿರಿಯರು ಕಲಿಸುವವರ ಕೈ ಕಟ್ಟಿದರು. ಮುಖ ಕಟ್ಟಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮವರೂ ನಿಮಗಿಂತ ಮಹಾ ಜಾಣರೇನಲ್ಲ ಅನ್ನುವುದನ್ನು ಒಪ್ಪುತ್ತೇನೆ.

ಮಾರನೆಯ ದಿನವೇ ನಮ್ಮಿಬ್ಬರ ನಡುವೆ ನನ್ನ ಹಳೇ ಹಾಸಿಗೆ ಹೊದಿಕೆ ಕಟ್ಟಿಸಿದೆ. ಅದರ ಹಿಂದೆ ಕೂತು ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥ ಬಾಯಿಬಡುಕಿಗೆ ಅದೆಂಥ ಶಿಕ್ಷೆ ಅಂತ ನಮ್ಮ ಮನೆಯವರನ್ನು ಕೇಳಿ. ಬೊಮ್ಮಯ್ಯ ತಡಕಾಡಿದ, ತಪ್ಪಿದ. ಅಕ್ಕೋರೆ, ಒಂದು ಮಾತು ಆಡಿ ಎಂದು ಗೋಗರೆದ. ನಾನು ಆಡಲಿಲ್ಲ. ತಪ್ಪಿದಾಗಲೆಲ್ಲ ನೀರು ತುಂಬಿತು, ಅವನೇ ಖಾಲಿ ಮಾಡಿದ, ಮತ್ತೆ ಶುರು ಮಾಡಿದ. ಬರಬರುತ್ತ ಗೋಗರೆಯುವುದು ಕಡಿಮೆಯಾಯಿತು. ಆಮೇಲಾಮೇಲೆ ಹೊದಿಕೆಯಾಚೆಯಿಂದ ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಅವನು ಕಲಿತನೋ, ಸುಮ್ಮನಿರುವುದನ್ನು ಕಲಿತನೋ, ನನಗೆ ಗೊತ್ತಿಲ್ಲ. ಗೊತ್ತಾಗಲು ನಮ್ಮಲ್ಲಿ ಇರುವುದು ಒಂದೇ ದಾರಿ.

ನನಗೆ ಹೆದರಿಕೆಯಾಗಿದೆ. ಬಾವಿಯ ತಳದಿಂದ ನನ್ನ ಹುಬ್ಬು ಯಾರಿಗೂ ಕಾಣುವುದಿಲ್ಲ. ನಿಮಗೆ ಇಂಥ ಹೆದರಿಕೆ ಒಂದು ದಿನವೂ ಆಗಿರಲಿಕ್ಕಿಲ್ಲ. ಬಲೂನು ಒಡೆದರೆ ಯಾರೂ ಸಾಯುವುದಿಲ್ಲವಲ್ಲ. ಆದರೂ ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಸಲ ನಕ್ಷತ್ರ ಎಣಿಸುವ ಮೊದಲು, ಆ ಹಳದಿ ದುಪಟ್ಟಾದವಳು ಕೆಲಸ ಮಾಡುವ ಜಾಗಕ್ಕೆ ಹೋಗಿ. ನಿಮ್ಮದೇ ಒಂದು ಕೆಲಸ ಅವಳ ಕೈಲಿ ಮಾಡಿಸಿಕೊಳ್ಳಿ, ತಪ್ಪಿದರೆ ನಷ್ಟ ನಿಮಗೇ ಆಗುವಂಥದ್ದು. ಕೈ ಕಟ್ಟಿಕೊಂಡು, ಅವಳಿಗೆ ಕಾಣದ ಹಾಗೆ ಹೊರಗೆ ಬೆಂಚಿನ ಮೇಲೆ ಕೂತಿರಿ.

ಬೊಮ್ಮಯ್ಯ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಾನೆ. ನೀರು ಇಳಿದಾಯ್ತು, ಆ ಕಾಗದ ಸಾಕು ಮಾಡಿ ಏಳಿ ಅಕ್ಕೋರೆ ಎಂದು ಗದರಿದ. ಈ ವಿನಯದ ಮನುಷ್ಯ ನನ್ನನ್ನು ಗದರಿದ್ದು ಇದೇ ಮೊದಲು. ತಲೆಯೆತ್ತಿ ನೋಡಿದೆ. ನನ್ನ ಹುಬ್ಬು ಖಂಡಿತ ಮೇಲೇರಿತ್ತು. ಅವನು ಅದನ್ನು ನೋಡಲೇ ಇಲ್ಲ. ನನ್ನ ಹೆಗಲ ಮೇಲಿಂದ, ಕಿಟಕಿಯಾಚೆಯ ನೀರನ್ನು ನೋಡುತ್ತಿದ್ದ.

ಇಳಿಯುತ್ತೇನೆ.

ಮಾದೇವಿ ಅಂಬಿಗ